ಅಜ್ಜಿ ತಿದ್ದಿದ ಅರ್ಕಾವೊತ್ತು

ಈ ಸಲದ ಸಂಕ್ರಾಂತಿಗೆ ನಮ್ಮ ಅಣ್ಣನ ಮಗ ಹೈದರಾಬಾದಿನಿಂದ ಕೊಡಂಗಲ್ಲಿಗೆ ಬಂದಿದ್ದ. ಪರಿಗಿಯ ಮೇಲಿಂದ ಬರುವ ಸಂಜೆಯ ಬಸ್ಸನ್ನು ಇಳಿದು ಮನೆಗೆ ಬಂದವನು ಕೈಕಾಲು ತೊಳೆದು, ಅಜ್ಜಿಯ ಕಾಲಿಗೆರಗಿ, ಒಂದು ಲೋಟ ಚಹಾ ಮುಗಿಸುವುದರೊಳಗಾಗಿ ತನ್ನ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ತೆರೆದು ಕುಳಿತಿದ್ದ. ಅಂಗಳದಲ್ಲಿ ತೊಗರಿಯ ರಾಶಿ ಬಿದ್ದಿತ್ತು. ಅದನ್ನು ಚೀಲಕ್ಕೆ ತುಂಬುವವರಿಗೆ ಕೈ ಹಚ್ಚಬೇಕಾದ ಹುಡುಗ ಹೀಗೆ ಕುಳಿತದ್ದು ನಮಗೆ ಅಷ್ಟಾಗಿ ಹಿಡಿಸಲಿಲ್ಲವೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆದರೆ ಹತ್ತಿರ ಹೋಗಿ ನೋಡಿದಾಗ ಸಿಟ್ಟಿನ ಜಾಗದಲ್ಲಿ ಕುತೂಹಲ ಬಂದು ಕುಳಿತಿತು. ಆತ ಇಂಗ್ಲಿಷಿನಲ್ಲಿ ಕಾಗದ ಬರೆಯುವವನಂತೆ ನಾಲ್ಕು ಸಾಲು ಬರೆಯುತ್ತಿದ್ದ. ಬೆರಳು ತೆಗೆದೊಡನೆ ಪರದೆಯ ಮೇಲೆ ಪ್ರೋಗ್ರಾಮಿನ ಸಾಲುಗಳು ತಾವಾಗಿಯೇ ಇಳಿದುಬರುತ್ತಿದ್ದವು.

"ಯಾರಿಗಿ ಕಾಗದ ಬರೀಲಾಕತ್ತೀ?" ಎಂದು ಕೇಳಿದೆವು.

"ಕಾಗದ ಅಲ್ಲ ಕಾಕಾ. ಇದು ನನ್ನ ಜೋಡಿ ಕೆಲಸ ಮಾಡೋ ಸಹಾಯಕ. ನಾ ಹೇಳ್ತೀನಿ, ಅದು ಬರೀತದ" ಎಂದ.

ವಾಚಕರಲ್ಲಿ ಅನೇಕರ ಮಕ್ಕಳು ಇಂದು ಹೈದರಾಬಾದು, ಬೆಂಗಳೂರು, ಪುಣೆಗಳಲ್ಲಿ ಇದೇ ವೃತ್ತಿಯಲ್ಲಿದ್ದಾರೆ. ಅವರ ಮೇಜಿನ ಮೇಲೆ ಈಚೆಗೆ ಬಂದು ಕುಳಿತಿರುವ ಈ ಹೊಸ ಜೊತೆಗಾರನ ವಿಷಯವನ್ನು ಅವರ ತಂದೆತಾಯಿಗಳೂ ಅಷ್ಟಿಷ್ಟು ತಿಳಿದಿರುವುದು ಲೇಸೆಂದು ಭಾವಿಸಿ, ಈ ತಿಂಗಳ ಪುಟವನ್ನು ಅದಕ್ಕೆ ಮೀಸಲಿಟ್ಟಿದ್ದೇವೆ. ನಾವು ಈ ಶಾಸ್ತ್ರವನ್ನು ಓದಿದವರಲ್ಲ. ಹಬ್ಬದ ಒಂದು ವಾರ ನಮ್ಮ ಪಡಸಾಲೆಯಲ್ಲಿ ನಡೆದುದನ್ನು ಕಂಡವರು, ಮತ್ತು ಆ ಹುಡುಗನನ್ನು ಬೇಸರವಾಗುವಷ್ಟು ಪ್ರಶ್ನೆ ಕೇಳಿದವರು, ಅಷ್ಟೆ.

ಈ ಸಹಾಯಕನ ಹುಟ್ಟು ಬಹಳ ಹಳೆಯದಲ್ಲ. 2021ರ ಜೂನ್ ತಿಂಗಳಲ್ಲಿ 'ಗಿಟ್‌ಹಬ್ ಕೋಪೈಲಟ್' ಎಂಬುದು ಪ್ರಾಯೋಗಿಕವಾಗಿ ಕಾಣಿಸಿಕೊಂಡಿತು. ಒಂದು ವರ್ಷದ ಬಳಿಕ ಎಲ್ಲರಿಗೂ ದೊರೆಯಿತು. ಪ್ರೋಗ್ರಾಮು ಬರೆಯುವವನು ಅರ್ಧ ಸಾಲು ಬರೆದರೆ ಉಳಿದರ್ಧವನ್ನು ಅದು ಸೂಚಿಸುತ್ತಿತ್ತು. 2022ರ ನವೆಂಬರಿನಲ್ಲಿ 'ಚಾಟ್‌ಜಿಪಿಟಿ' ಬಂದ ಮೇಲೆ ಕೇಳಿ ಬರೆಯಿಸಿಕೊಳ್ಳುವ ರೂಢಿ ಹಬ್ಬಿತು. ಈಗಿನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ: ಕಡತಗಳನ್ನು ತಾವೇ ತೆರೆದು ಓದುತ್ತವೆ, ತಿದ್ದುತ್ತವೆ, ತಿದ್ದಿದ್ದನ್ನು ನಡೆಸಿ ನೋಡುತ್ತವೆ, ತಪ್ಪಿದರೆ ಮತ್ತೆ ತಿದ್ದುತ್ತವೆ. ಜಗತ್ತಿನಲ್ಲಿ ಬಯಲಿಗೆ ಬಿದ್ದಿರುವ ಅಪಾರ ಪ್ರೋಗ್ರಾಮುಗಳನ್ನೂ ಬರೆಹಗಳನ್ನೂ ಅರೆದು ಕುಡಿದು, ಯಾವ ಮಾತಿನ ಮುಂದೆ ಯಾವ ಮಾತು ಬರುವುದು ಸಹಜವೆಂಬುದನ್ನು ಊಹಿಸುವ ಶಕ್ತಿಯನ್ನು ಅವು ಪಡೆದಿವೆ. ಊಹೆ ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ.

ಹುಡುಗನ ಆಫೀಸು ಕೆಲಸ ಅರ್ಧ ತಾಸಿನಲ್ಲಿ ಮುಗಿಯಿತು. ಆಗ ನಮ್ಮ ಸ್ವಾರ್ಥ ತಲೆಯೆತ್ತಿತು. ಬಹುಕಾಲದಿಂದ ನಮ್ಮನ್ನು ಕಾಡುತ್ತಿದ್ದ ಒಂದು ತೊಡಕನ್ನು ಆತನ ಮುಂದಿಟ್ಟೆವು.

ನಾವು ಬರೆದ ಹಳೆಯ ಬರೆಹಗಳು, ಊರಿನ ಹಿರಿಯರಿಂದ ಕೇಳಿ ಬರೆದಿಟ್ಟುಕೊಂಡ ಮದುವೆ ಹಾಡುಗಳು, ನಮ್ಮ ಬಳಗದ ಪತ್ರಗಳು, ಎಲ್ಲ ಕೂಡಿ 180 ಕಡತಗಳು 'ನುಡಿ' ಅಕ್ಷರದಲ್ಲಿ ಬೆರಳಚ್ಚಾಗಿ ಸಿ.ಡಿ.ಗಳಲ್ಲಿ ಕುಳಿತಿವೆ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿಕೊಟ್ಟ ಆ 'ನುಡಿ' ಕನ್ನಡಕ್ಕೆ ಮಾಡಿದ ಉಪಕಾರ ಸಾಮಾನ್ಯವಾದುದಲ್ಲ. ಅದಿಲ್ಲದಿದ್ದರೆ ಗಡಿಯ ಈಚೆ ಕುಳಿತ ನಮ್ಮಂಥವರು ಕನ್ನಡದಲ್ಲಿ ಒಂದು ಲಗ್ನಪತ್ರಿಕೆಯನ್ನು ಬೆರಳಚ್ಚು ಮಾಡಿಸುವುದೂ ಕಷ್ಟವಾಗುತ್ತಿತ್ತು. ಆದರೆ ಆ ಹಳೆಯ ಕಡತಗಳಲ್ಲಿ ಒಳಗೆ ಇರುವುದು ಇಂಗ್ಲಿಷಿನ ಅಕ್ಷರಗಳ ಸಂಕೇತ. ಮೇಲೆ ತೊಡಿಸಿರುವುದು ಕನ್ನಡದ ಅಂಗಿ. ಆ ಅಂಗಿ ಇಲ್ಲದ ಯಂತ್ರದಲ್ಲಿ, ಉದಾಹರಣೆಗೆ ಇಂದಿನ ಮೊಬೈಲಿನಲ್ಲಿ, ಕಡತವನ್ನು ತೆರೆದರೆ ತಲೆಯ ಮೇಲೆ ಗೀಟು, ಚುಕ್ಕೆ, ಟೋಪಿಗಳಿರುವ ಪರದೇಶದ ಅಕ್ಷರಗಳ ಜಾತ್ರೆಯೇ ಕಾಣುತ್ತದೆ. ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಮನೆ ಕೊಡುವ 'ಯೂನಿಕೋಡ್' ಪದ್ಧತಿಯಲ್ಲಿ 1991ರಲ್ಲಿಯೇ ಕನ್ನಡಕ್ಕೂ 128 ಮನೆಗಳ ಒಂದು ಓಣಿ ದೊರೆತಿದೆ. ನಮ್ಮ ಹಳೆಯ ಸರಕನ್ನು ಆ ಓಣಿಗೆ ಸಾಗಿಸಬೇಕು. ಇಂತಹ ಪರಿವರ್ತಕಗಳು ಈಗಾಗಲೇ ಇವೆಯೆಂಬುದನ್ನು ಬಲ್ಲೆವು. ಆದರೆ ನಮ್ಮ ಕಡತಗಳಲ್ಲಿ ನಡುನಡುವೆ ಇಂಗ್ಲಿಷು, ತೆಲುಗು ಸೇರಿಕೊಂಡಿದ್ದು, ಒಂದೊಂದನ್ನೇ ನಕಲಿಳಿಸಿ ಅಂಟಿಸಿ ಬೇರ್ಪಡಿಸುವ ತಾಳ್ಮೆ ನಮಗಿರಲಿಲ್ಲ.

"ಇದೇನು ದೊಡ್ಡ ಕೆಲಸ ಕಾಕಾ?" ಎಂದು ಹುಡುಗ ಸಹಾಯಕನಿಗೆ ಆರು ಸಾಲಿನಲ್ಲಿ ವಿಷಯ ತಿಳಿಸಿದ. ಇಪ್ಪತ್ತು ನಿಮಿಷ ಆಗಿರಲಿಕ್ಕಿಲ್ಲ. ಪರದೇಶದ ಅಕ್ಷರಗಳೆಲ್ಲ ಮಾಯವಾಗಿ ಪರದೆಯ ತುಂಬ ದುಂಡನೆಯ ಕನ್ನಡ ನಿಂತಿತು. ನಿಜ ಹೇಳಬೇಕೆಂದರೆ ನಮ್ಮ ಕಣ್ಣು ತೇವಗೊಂಡಿತು. ಹನ್ನೆರಡು ಪುಟಗಳನ್ನು ಅಂದೇ ಮುದ್ರಿಸಿ ತಂದ. ರಾತ್ರಿ ಕನ್ನಡಕವಿಲ್ಲದೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮಲಗಿದೆವು.

ಬೆಳಗ್ಗೆ ಆ ಪುಟಗಳು ನಮ್ಮ ತಾಯಿಯ ಕೈಗೆ ಹೋದವು. ಅವರ ತವರು ಸೇಡಂ ಕಡೆ. ಅಲ್ಲಿಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿ, ಮದುವೆಯಾಗಿ ಈ ಮನೆಗೆ ಬಂದವರು. ಮನೆಯಲ್ಲಿ ಈಗಲೂ ಕನ್ನಡವನ್ನು ತಡವರಿಸದೆ ಗಟ್ಟಿಯಾಗಿ ಓದುವವರು ಅವರೊಬ್ಬರೇ ಎಂದರೆ ಸಲ್ಲುತ್ತದೆ. ಎರಡು ನಿಮಿಷದಲ್ಲಿ ಒಳಗಿನಿಂದ ನಗೆಯೂ ಗದರಿಕೆಯೂ ಬೆರೆತ ದನಿ ಬಂದಿತು:

"ಏ ತಮ್ಮಾ, ಇಲ್ಲಿ ಬಾ. ಇದೇನಿದು 'ಕನಾರ್ಟಕ'? ನಮ್ಮ ದೇಶದ ಹೆಸರೇ ಕೆಡಿಸ್ಯಾದಲ್ಲೋ ನಿನ್ನ ಮಿಷನ್ನು!"

ಹೋಗಿ ನೋಡುತ್ತೇವೆ, ಕರ್ನಾಟಕವೆಲ್ಲ 'ಕನಾರ್ಟಕ'ವಾಗಿದೆ. ವರ್ಷ 'ವಷರ್' ಆಗಿದೆ, ಧರ್ಮ 'ಧಮರ್' ಆಗಿದೆ. ಮಳಖೇಡದ ಬಗ್ಗೆ ಬರೆದ ಬರೆಹದಲ್ಲಿ 'ಕವಿರಾಜಮಾಗರ್'! ನಮ್ಮ ಬಳಗದ ಕಾರ್ಯದರ್ಶಿಗಳಂತೂ 'ಕಾಯರ್ದಶಿರ್' ಆಗಿ ಕುಳಿತಿದ್ದರು. ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿಯೇ ಮುಂದೆ ಮಳಖೇಡದ ದಂಡೆಗೆ ಹೋಗುತ್ತದೆ. ಅಲ್ಲಿ ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಗ್ರಂಥದ ಹೆಸರು ಆ ನದಿಯ ಮೇಲ್ದಂಡೆಯ ನಾಡಿನವರಾದ ನಮ್ಮ ಮನೆಯಲ್ಲಿ ಹೀಗೆ ಕೆಡಬೇಕೆ ಎಂದು ಒಂದು ಕ್ಷಣ ನೊಂದುಕೊಂಡೆವು. ಮರುಕ್ಷಣ ಎಲ್ಲರೂ ನಕ್ಕೆವು. ನಗದಿದ್ದವನು ಹುಡುಗನೊಬ್ಬನೇ. ಆತ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಆಯೀ, ಇದರಾಗ ತಪ್ಪು ಎಲ್ಲಿ ಅದ?" ಎಂದು ಕೇಳಿದ.

ಆ ಪ್ರಶ್ನೆ ನಮ್ಮನ್ನು ತಪ್ಪಿಗಿಂತ ಹೆಚ್ಚಾಗಿ ಚುಚ್ಚಿತು.

ಅದರ ಕಾರಣವನ್ನು ತುಸು ಬಿಡಿಸಿ ಹೇಳಬೇಕು. ನಮ್ಮಲ್ಲಿ ರಕಾರ ಮೊದಲು ನುಡಿದು ಬೇರೊಂದು ವ್ಯಂಜನ ಅದರ ಹಿಂದೆ ಬಂದರೆ, ಆ ರಕಾರವನ್ನು ಅರ್ಕಾವೊತ್ತಾಗಿ ಮುಂದಿನ ಅಕ್ಷರದ ಬಲಮಗ್ಗುಲಿಗೆ ಬರೆಯುತ್ತೇವೆ. ಬಾಯಿಗೆ ಮೊದಲು ಬರುವುದು ಕೈಗೆ ಆಮೇಲೆ ಬರುತ್ತದೆ. 'ನುಡಿ'ಯ ಹಳೆಯ ಸಂಕೇತದಲ್ಲಿ ಕೈಯ ಕ್ರಮವೇ ಇದೆ: ಕ, ನಾ, ಅರ್ಕಾವೊತ್ತು, ಟ, ಕ. ಯೂನಿಕೋಡಿನಲ್ಲಿ ಬಾಯಿಯ ಕ್ರಮವಿದೆ: ಕ, ಅರ್ಧ ರಕಾರ, ನಾ, ಟ, ಕ. ಹಳೆಯ ಸರಕನ್ನು ಇದ್ದಂತೆಯೇ ಒಂದೊಂದಾಗಿ ಇಳಿಸಿದರೆ ಆ ಅರ್ಧ ರಕಾರ ನಾಕಾರವನ್ನು ಬಿಟ್ಟು ಮುಂದಿನ ಟಕಾರದ ಮಗ್ಗುಲಿಗೆ ಹೋಗಿ ಕೂರುತ್ತದೆ. ಸಹಾಯಕ ಮಾಡಿದ್ದು ಇದನ್ನೇ. ಎಲ್ಲ ಅಕ್ಷರಗಳೂ ಇದ್ದವು. ಒಂದು ಮಾತ್ರ ನೆರೆಮನೆಗೆ ಹೋಗಿತ್ತು.

ಹುಡುಗನಿಗೆ ಅದೇಕೆ ಕಾಣಲಿಲ್ಲ? ಆತ ಮನೆಯಲ್ಲಿ ಚೊಕ್ಕ ಕನ್ನಡ ಆಡುತ್ತಾನೆ. ಓದಿದ್ದು ತೆಲುಗು ಮತ್ತು ಇಂಗ್ಲಿಷು. ಎರಡೂ ಲಿಪಿಗಳು ಅಕ್ಕತಂಗಿಯರಾದುದರಿಂದ ತೆಲುಗಿನ ಬಲದ ಮೇಲೆ ಕನ್ನಡವನ್ನು ಕೂಡಿಸಿ ಕೂಡಿಸಿ ಓದಬಲ್ಲ. ಆದರೆ ತೆಲುಗಿನಲ್ಲಿ ಅರ್ಕಾವೊತ್ತಿನಂಥ ಚಿಹ್ನೆ ಹಿಂದೆ ಇದ್ದುದು, 'ವಲಪಲಗಿಲಕ' ಎಂದು ಅದರ ಹೆಸರು, ಇಂದು ಬಳಕೆ ತಪ್ಪಿದೆ. ಅಲ್ಲಿ ರಕಾರವನ್ನು ಮೊದಲು ಬರೆದು ಮುಂದಿನ ವ್ಯಂಜನವನ್ನು ಅದರ ಕೆಳಗೆ ಒತ್ತಾಗಿ ಇಡುತ್ತಾರೆ. ಆದುದರಿಂದ ಕನ್ನಡದ ಆ ಸಣ್ಣ ಕೊಂಡಿ ಹುಡುಗನ ಕಣ್ಣಿಗೆ ಅಲಂಕಾರದಂತೆ ಕಂಡಿತ್ತು. ಅದು ನಾಕಾರದ ಪಕ್ಕದಲ್ಲಿದ್ದರೇನು, ಟಕಾರದ ಪಕ್ಕದಲ್ಲಿದ್ದರೇನು! ಯಂತ್ರಕ್ಕೆ ಗೊತ್ತಾಗಲಿಲ್ಲ, ಯಂತ್ರವನ್ನು ನಡೆಸುವವನಿಗೂ ಗೊತ್ತಾಗಲಿಲ್ಲ. ನಮ್ಮ ತಾಯಿ ಅಂದು ತೊಗರಿ ಹಸನು ಮಾಡಲು ಕುಳಿತಿದ್ದರೆ, ನಾವು ಆನಂದದಲ್ಲಿಯೇ 180 ಕಡತಗಳನ್ನೂ ಕೆಡಿಸಿ, ಹಳೆಯ ಸಿ.ಡಿ.ಗಳನ್ನು ಗುಜರಿಗೆ ಹಾಕುತ್ತಿದ್ದೆವೋ ಏನೋ.

ಹುಡುಗ ಸೋಲೊಪ್ಪುವ ಜಾತಿಯವನಲ್ಲ. ತಪ್ಪೇನೆಂಬುದನ್ನು ಅಜ್ಜಿಯ ಬಾಯಿಂದ ಬಿಡಿಸಿ ಕೇಳಿಕೊಂಡು ಸಹಾಯಕನಿಗೆ ತಿಳಿಸಿದ. ಅದು ಬಹು ವಿನಯದಿಂದ ಕ್ಷಮೆ ಬೇಡಿ ಹೊಸದಾಗಿ ಬರೆಯಿತು. ಅಷ್ಟಕ್ಕೇ ನಿಲ್ಲದೆ, ತಾನು ಬರೆದುದು ಸರಿಯೇ ಎಂದು ನೋಡಲು ಒಂದು ಪರೀಕ್ಷೆಯನ್ನೂ ತಾನೇ ಬರೆದು, ತಾನೇ ನಡೆಸಿ, ಎಲ್ಲದರಲ್ಲಿಯೂ ಉತ್ತೀರ್ಣವಾಗಿದೆಯೆಂದು ಹಸಿರು ಗುರುತು ಹಾಕಿ ತೋರಿಸಿತು. ಕರ್ನಾಟಕ ಸರಿಹೋಯಿತು, ಧರ್ಮ ಸರಿಹೋಯಿತು, ಕಾರ್ಯದರ್ಶಿಗಳು ಮತ್ತೆ ಮನುಷ್ಯರಾದರು. ಪುಟಗಳು ಪುನಃ ಅಜ್ಜಿಯ ಕೈಗೆ ಹೋದವು. ಈ ಸಲ ಮೂರನೆಯ ಪುಟದವರೆಗೆ ದನಿ ಬರಲಿಲ್ಲ. ಆಮೇಲೆ, "ಸಾಮರ್ಥ್ಯ ಮುರದು ಬಿದ್ದದ ನೋಡು" ಎಂದರು. 'ಸಾಮರ್ಥ್ಯ', 'ಅರ್ಘ್ಯ', 'ಮರ್ತ್ಯ' ಮುಂತಾದ ಶಬ್ದಗಳಲ್ಲಿ ಅರ್ಕಾವೊತ್ತಿನ ಜೊತೆಗೆ ಯಕಾರದ ಒತ್ತೂ ಇದೆಯಷ್ಟೆ. ಹಿಂದಕ್ಕೆ ಒಂದು ಮನೆ ದಾಟಿಸಿದರೆ ಸಾಲದು, ಎರಡು ದಾಟಿಸಬೇಕು. ಸಹಾಯಕ ಒಂದೇ ದಾಟಿಸಿತ್ತು. ಅದು ತಾನೇ ಬರೆದ ಪರೀಕ್ಷೆಯಲ್ಲಿ ಇಂತಹ ಶಬ್ದವೊಂದೂ ಇರಲಿಲ್ಲ. ಹೇಗಿದ್ದೀತು? ತನಗೆ ಹೊಳೆಯದ ತೊಡಕನ್ನು ಪ್ರಶ್ನೆಪತ್ರಿಕೆಯಲ್ಲಿ ಯಾರು ಕೇಳುತ್ತಾರೆ! ವಿದ್ಯಾರ್ಥಿಯೇ ಪ್ರಶ್ನೆ ಬರೆದು, ವಿದ್ಯಾರ್ಥಿಯೇ ಉತ್ತರ ಬರೆದು, ವಿದ್ಯಾರ್ಥಿಯೇ ಅಂಕ ಕೊಟ್ಟುಕೊಂಡಂತಾಯಿತು.

ಆ ರಾತ್ರಿ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಊಟವಾದ ಮೇಲೆ ಕಟ್ಟೆಯ ಮೇಲೆ ಕುಳಿತು ತನ್ನ ಆಫೀಸಿನಲ್ಲಿ ನಡೆದ ಒಂದು ಸಂಗತಿಯನ್ನು ತಾನಾಗಿಯೇ ಹೇಳಿದ. ಕೆಲವು ತಿಂಗಳ ಹಿಂದೆ ಆತ ಸಹಾಯಕನಿಂದ ಬರೆಯಿಸಿದ ದೊಡ್ಡದೊಂದು ತಿದ್ದುಪಡಿಯನ್ನು ಪೂರ್ತಿ ಓದದೆಯೇ ಸಲ್ಲಿಸಿದ್ದನಂತೆ. ಪರಿಶೀಲನೆಗೆ ಕುಳಿತ ಹಿರಿಯ ಸಹೋದ್ಯೋಗಿ ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟು, ಇದು ಇಲ್ಲಿ ಏಕಿದೆ ಎಂದು ಕೇಳಿದರು. "ನನಗ ಹೇಳ್ಲಾಕ ಬರ್ಲಿಲ್ಲ ಕಾಕಾ. ಅದು ಬರದದ ಅಂತ ಹ್ಯಾಂಗ ಹೇಳ್ಲಿ? ಹೆಸರು ನಂದೇ ಇತ್ತು" ಎಂದ.

ನಮಗೆ ನಮ್ಮ ತಂದೆಯವರು ಹೇಳುತ್ತಿದ್ದ ಅರ್ಜಿನವೀಸರು ನೆನಪಾದರು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಹೊಲದ ತಕರಾರಿರಲಿ, ಸಾಲದ ಕಾಗದವಿರಲಿ, ಕನ್ನಡ ಬಿಟ್ಟು ಬೇರೆ ಬಾರದ ರೈತ ತಹಸೀಲ ಕಚೇರಿಯ ಮುಂದಿನ ಮರದ ನೆರಳಿಗೆ ಹೋಗಿ ಅರ್ಜಿನವೀಸರ ಎದುರು ಕುಕ್ಕರುಗಾಲಲ್ಲಿ ಕುಳಿತು ತನ್ನ ಕಷ್ಟ ಹೇಳಿಕೊಳ್ಳುತ್ತಿದ್ದ. ಅವರು ಸರಸರನೆ ಬರೆಯುತ್ತಿದ್ದರು. ಅಕ್ಷರ ಮುತ್ತಿನಂತಿರುತ್ತಿತ್ತು, ಒಕ್ಕಣೆ ಗಂಭೀರವಾಗಿರುತ್ತಿತ್ತು. ಕೊನೆಗೆ ರೈತನ ಹೆಬ್ಬೆಟ್ಟಿಗೆ ಮಸಿ. ಮುಂದೆ ಕಾಗದದಲ್ಲಿ ಸರ್ವೆ ನಂಬರು ತಪ್ಪಿದ್ದರೆ ಕಟಕಟೆಯಲ್ಲಿ ನಿಲ್ಲುವವನು ಹೆಬ್ಬೆಟ್ಟಿನವನೇ ಹೊರತು ಮುತ್ತಿನಂಥ ಅಕ್ಷರದವನಲ್ಲ. ಅರ್ಜಿನವೀಸರು ಕೆಟ್ಟವರೆಂದಲ್ಲ, ಅವರಿಲ್ಲದೆ ಅರ್ಜಿಯೇ ಇರುತ್ತಿರಲಿಲ್ಲ. ರೈತ ಓದು ಬಲ್ಲವನಾಗಿರಲಿಲ್ಲ, ಅದಕ್ಕೆ ಕ್ಷಮೆಯುಂಟು. ಓದು ಬಲ್ಲ ಹುಡುಗ ಓದದೆ ಹೆಬ್ಬೆಟ್ಟೊತ್ತಿದರೆ ಏನೆನ್ನಬೇಕು? ಇದನ್ನು ಆತನಿಗೆ ಅಷ್ಟು ಕಟುವಾಗಿ ಹೇಳಲಿಲ್ಲ. ಅರ್ಜಿನವೀಸರ ಕಥೆಯನ್ನು ಮಾತ್ರ ಹೇಳಿ ಸುಮ್ಮನಾದೆವು.

ಈ ಸಹಾಯಕರಿಂದ ಕೆಲಸ ನಿಜವಾಗಿ ಬೇಗ ಆಗುವುದೇ ಎಂಬ ವಿಷಯದಲ್ಲಿ ತಜ್ಞರಲ್ಲಿಯೇ ಒಮ್ಮತವಿಲ್ಲ. 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 95 ಮಂದಿಗೆ ಒಂದೇ ಸಣ್ಣ ಪ್ರೋಗ್ರಾಮನ್ನು ಹೊಸದಾಗಿ ಬರೆಯಲು ಕೊಟ್ಟಾಗ, ಕೋಪೈಲಟ್ ಇದ್ದವರು ಇಲ್ಲದವರಿಗಿಂತ ಶೇ. 55.8ರಷ್ಟು ಬೇಗ ಮುಗಿಸಿದರು. 2025ರ ಜುಲೈನಲ್ಲಿ ಅಮೆರಿಕೆಯ 'ಮೀಟರ್' ಎಂಬ ಸಂಶೋಧನ ಸಂಸ್ಥೆ ಪ್ರಕಟಿಸಿದ್ದು ತದ್ವಿರುದ್ಧ. ಅಲ್ಲಿ 16 ಮಂದಿ ಅನುಭವಿಗಳು ತಾವೇ ವರ್ಷಗಟ್ಟಲೆ ಬೆಳೆಸಿದ ದೊಡ್ಡ ಯೋಜನೆಗಳಲ್ಲಿ 246 ಕೆಲಸಗಳನ್ನು ಮಾಡಿದರು. ಸಹಾಯಕ ಇದ್ದಾಗ ಅವರಿಗೆ ಶೇ. 19ರಷ್ಟು ಹೆಚ್ಚು ಹೊತ್ತು ಹಿಡಿಯಿತು! ಮೊದಲು ಅವರು ಶೇ. 24ರಷ್ಟು ಬೇಗ ಆದೀತೆಂದು ನಿರೀಕ್ಷಿಸಿದ್ದರು; ಮುಗಿದ ಮೇಲೂ ಶೇ. 20ರಷ್ಟು ಬೇಗ ಆಯಿತೆಂದೇ ನಂಬಿದ್ದರು. ಹೊಸ ಮಾದರಿಗಳು ಬಂದಂತೆ ಈ ಲೆಕ್ಕ ಬದಲಾಗಬಹುದು. ಆದರೆ ನಮಗೆ ಕೌತುಕವೆನಿಸಿದ್ದು ಕೊನೆಯ ಅಂಕಿ. ತಡವಾಗಿದ್ದರೂ ಬೇಗವಾಯಿತೆಂದು ಬಲ್ಲವರಿಗೇ ತೋರಿತಲ್ಲ! ಗಾಡಿ ಗಡಗಡ ಸದ್ದು ಮಾಡಿದರೆ ಜೋರಾಗಿ ಓಡುತ್ತಿದೆಯೆಂದು ಅನ್ನಿಸುವಂತೆ.

ಊಹೆಯ ಇನ್ನೊಂದು ಅಪಾಯವನ್ನೂ ಹುಡುಗ ಹೇಳಿದ. ಪ್ರೋಗ್ರಾಮು ಬರೆಯುವವರು ಬೇರೆಯವರು ಮಾಡಿಟ್ಟ ಸಿದ್ಧ ಕಟ್ಟುಗಳನ್ನು ಹೆಸರು ಹೇಳಿ ತರಿಸಿಕೊಳ್ಳುವುದುಂಟು. ಸಹಾಯಕರು ಕೆಲವೊಮ್ಮೆ ಇಲ್ಲದ ಕಟ್ಟಿನ ಹೆಸರನ್ನೂ ಇದೆಯೆಂಬಂತೆ ಬರೆಯುತ್ತಾರೆ. 16 ಮಾದರಿಗಳಿಂದ 5,76,000 ತುಣುಕುಗಳನ್ನು ಬರೆಯಿಸಿ ನೋಡಿದ ಅಧ್ಯಯನವೊಂದರಲ್ಲಿ ಇಂತಹ ಹುಸಿ ಹೆಸರುಗಳು ವಾಣಿಜ್ಯ ಮಾದರಿಗಳಲ್ಲಿ ಕನಿಷ್ಠ ಶೇ. 5.2, ಮುಕ್ತ ಮಾದರಿಗಳಲ್ಲಿ ಶೇ. 21.7 ಇದ್ದವು. ದುಷ್ಟನೊಬ್ಬ ಆ ಹುಸಿ ಹೆಸರಿನಲ್ಲಿಯೇ ನಿಜವಾದ ವಿಷವನ್ನು ಕಟ್ಟಿಟ್ಟರೆ, ಓದದೆ ತರಿಸಿಕೊಂಡವನ ಮನೆಗೆ ಅದು ನೇರವಾಗಿ ಬರುತ್ತದೆ. ಇನ್ನು ಆಫೀಸಿನ ಗುಟ್ಟನ್ನು ಹೊರಗಿನ ಸಹಾಯಕನ ಮುಂದೆ ಬಿಚ್ಚಿಡುವ ಪ್ರಮಾದ. ಇಂತಹುದೇ ಕಾರಣಕ್ಕಾಗಿ 2023ರ ಮೇ ತಿಂಗಳಲ್ಲಿ ಸ್ಯಾಮ್‌ಸಂಗ್ ಸಂಸ್ಥೆ ತನ್ನ ನೌಕರರಿಗೆ ಇವುಗಳ ಬಳಕೆಯನ್ನು ನಿಷೇಧಿಸಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಮರುದಿನ ಹುಡುಗ ಹೊಸ ದಾರಿ ಹಿಡಿದ. ಅಜ್ಜಿಯ ಮುಂದೆ ಒಂದು ನೋಟುಬುಕ್ಕು ಇಟ್ಟು, "ಆಯೀ, ನನಗ ನೂರು ಶಬ್ದ ಬರದು ಕೊಡು. ಎಷ್ಟು ಕಠಿಣ ಇರ್ತಾವ ಅಷ್ಟು ಛಲೋ" ಎಂದ. ಅವರ ಉತ್ಸಾಹವನ್ನು ನೋಡಬೇಕಿತ್ತು! ಬೇಳೆ ಆರಿಸುತ್ತ ಒಂದು, ಪೂಜೆಯ ನಡುವೆ ಒಂದು, ರಾತ್ರಿ ನಿದ್ದೆ ಬಾರದೆ ಎದ್ದು ಎರಡು. ಅರ್ಕಾವೊತ್ತಿನವು, ಒತ್ತಿನ ಕೆಳಗೆ ಒತ್ತಿರುವವು, ಋಕಾರದವು, ಈಗ ಯಾರೂ ಬಳಸದ ಅಡುಗೆಮನೆಯ ಪಾತ್ರೆಗಳ ಹೆಸರು, 'ಸ್ವಾತಂತ್ರ್ಯ', 'ಈರ್ಷ್ಯೆ', 'ಪಾರ್ಶ್ವ'. ಆ ನೂರು ಶಬ್ದಗಳನ್ನು ನಾವು ಹಳೆಯ ಯಂತ್ರದಲ್ಲಿ 'ನುಡಿ'ಯಲ್ಲೊಮ್ಮೆ, ಮೊಬೈಲಿನಲ್ಲಿ ಯೂನಿಕೋಡಿನಲ್ಲೊಮ್ಮೆ ಬೆರಳಚ್ಚು ಮಾಡಿದೆವು. ಒಂದು ಪ್ರಶ್ನೆ, ಇನ್ನೊಂದು ಉತ್ತರ. ಅದನ್ನು ಪ್ರತ್ಯೇಕ ಕಡತವಾಗಿಟ್ಟು, ಸಹಾಯಕನಿಗೆ ಕೊಡುವ ಕಟ್ಟಳೆಗಳ ಪಟ್ಟಿಯ ಮೊದಲ ಸಾಲಿನಲ್ಲಿಯೇ ಈ ಕಡತವನ್ನು ಮುಟ್ಟಕೂಡದೆಂದು ಹುಡುಗ ಬರೆದ.

ಹಾಗೆ ಬರೆದುದೂ ವ್ಯರ್ಥವಾಗಲಿಲ್ಲ. ನೂರರಲ್ಲಿ 97 ಸರಿಹೋದ ಮೇಲೆ ಉಳಿದ ಮೂರಕ್ಕೆ ಬಹಳ ಹೆಣಗಾಡಿದ ಸಹಾಯಕ, ಆ ಮೂರು ಉತ್ತರಗಳೇ ತಪ್ಪಿರಬಹುದು, ಅವುಗಳನ್ನು ತಿದ್ದಲೇ ಎಂದು ಕೇಳಿತು. ಹುಡುಗ ಆ ಮಾತನ್ನು ಅಜ್ಜಿಗೆ ಓದಿ ಹೇಳಿದ. "ತಪ್ಪು ನಂದಾ?" ಎಂದು ಅವರು ಕನ್ನಡಕ ಏರಿಸಿಕೊಂಡು ಬಂದರು. ಮೂರರಲ್ಲಿ ಎರಡು ಅವರದೇ ಸರಿ. ಮೂರನೆಯದು ನಾವು ಮೊಬೈಲಿನಲ್ಲಿ ಒತ್ತುವಾಗ ಮಾಡಿದ ತಪ್ಪು! ಸಹಾಯಕನಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸಬೇಕಲ್ಲವೆ? ಆ ಒಂದು ಶಬ್ದದಲ್ಲಿ ಅದು ಹೇಳಿದ್ದು ನಿಜವಾಗಿತ್ತು; ನಾವು ತಲೆ ತಗ್ಗಿಸಿ ತಿದ್ದಿಕೊಟ್ಟೆವು.

ಈಗ ಹುಡುಗ ತನ್ನ ನಿತ್ಯದ ಕೆಲಸವನ್ನೂ ಹೀಗೆಯೇ ಕ್ರಮಪಡಿಸಿಕೊಂಡಿದ್ದಾನಂತೆ. ಬೆಳಗ್ಗೆ ಮೊದಲು ಮಾಡಬೇಕಾದುದೇನೆಂಬುದನ್ನು ಕಾಗದದ ಮೇಲೆ ತನ್ನ ಮಾತಿನಲ್ಲಿಯೇ ಬರೆದುಕೊಳ್ಳುತ್ತಾನೆ. ಇನ್ನೊಬ್ಬರು ಬರೆದಿಟ್ಟ ಹಳೆಯ ಪ್ರೋಗ್ರಾಮು ಅರ್ಥವಾಗದಿದ್ದರೆ ಸಹಾಯಕನಿಂದ ಬಿಡಿಸಿ ಹೇಳಿಸಿಕೊಳ್ಳುತ್ತಾನೆ. ಇದರಲ್ಲಿ ಅದು ಬಹಳ ಉಪಕಾರಿಯೆಂದು ಆತನ ಅನುಭವ. ಬರೆಯಿಸುವ ಮೊದಲು, ಹೇಗೆ ಬರೆಯುತ್ತೀಯೆಂದು ಕೇಳುತ್ತಾನೆ. ಉತ್ತರ ಒಪ್ಪಿಗೆಯಾದರೆ ಒಂದು ಸಣ್ಣ ತುಂಡನ್ನು ಮಾತ್ರ ಬರೆಯಿಸುತ್ತಾನೆ. ಬಂದುದನ್ನು ಸಾಲು ಸಾಲಾಗಿ ಓದುತ್ತಾನೆ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ನಿರ್ಮಿಸಿದ 'ಗಿಟ್' ಎಂಬ ವ್ಯವಸ್ಥೆ ಈ ವೃತ್ತಿಯವರ ಖಾತೆ ಪುಸ್ತಕವಿದ್ದಂತೆ. ಯಾವ ಸಾಲು ಯಾವಾಗ ಬದಲಾಯಿತು, ಯಾರ ಹೆಸರಿನಲ್ಲಿ ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ, ಬೇಡವಾದರೆ ನಿನ್ನೆಯ ಸ್ಥಿತಿಗೆ ಹಿಂದಿರುಗಬಹುದು. ಒಂದೊಂದು ತುಂಡು ಸರಿಯಾದಾಗಲೂ ಅದರಲ್ಲಿ ನಮೂದಿಸಿ ಮುಂದೆ ಹೋಗುತ್ತಾನೆ. ಬೇಸರದ ಕೆಲಸಗಳನ್ನು, ಅಂದರೆ ಒಂದೇ ಬಗೆಯ ನೂರು ಸಾಲು ಬರೆಯುವುದು, ಹೆಸರು ಬದಲಾಯಿಸುವುದು, ಪರೀಕ್ಷೆಯ ಹಂದರ ಕಟ್ಟುವುದು ಇಂತಹವನ್ನು, ಧಾರಾಳವಾಗಿ ಅದಕ್ಕೆ ಒಪ್ಪಿಸುತ್ತಾನೆ. ಹೊಸದಾಗಿ ಕಲಿಯಬೇಕಾದುದನ್ನು ಮಾತ್ರ ಮೊದಲ ಒಂದು ತಾಸು ಸಹಾಯಕನನ್ನು ಮುಚ್ಚಿಟ್ಟು ತಾನೇ ಮಾಡಿ ನೋಡುತ್ತಾನೆ. ಗೌಂಡಿ ತಾಂಡೂರಿನ ಫರಸಿಯನ್ನು ಹಾಸುವ ಮೊದಲು ಬಡಿದು ಸದ್ದು ಕೇಳುತ್ತಾನಷ್ಟೆ? ಆ ಕಿವಿ ಹಾಸಿ ಹಾಸಿ ಬಂದುದು, ಕೊಂಡು ತಂದುದಲ್ಲ. ಹೊಸಬರು ಆ ಕಿವಿ ಬರುವ ಮೊದಲೇ ಎಲ್ಲವನ್ನೂ ಯಂತ್ರದ ಕೈಗೆ ಕೊಟ್ಟರೆ, ಮುಂದೆ ಬಡಿದು ನೋಡುವವರಾರು ಎಂಬ ಚಿಂತೆ ಆತನ ಹಿರಿಯ ಸಹೋದ್ಯೋಗಿಗಳಲ್ಲಿಯೂ ಇದೆಯಂತೆ.

ಆ ಚಿಂತೆ ನಮ್ಮ ಮನೆಗೂ ಬಂದು ತಟ್ಟಿದೆ. ರಾಜ್ಯಗಳ ಪುನರ್ವಿಂಗಡಣೆಯಾಗಿ 1956ರ ನವೆಂಬರ್ 1ರಂದು ಅಂದಿನ ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರ ಪ್ರದೇಶಕ್ಕೆ ಹೋದವು. ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕೂ ಜಹೀರಾಬಾದಿನ ಬಹುಭಾಗವೂ ಹಾಗೆಯೇ. ಆಮೇಲೆ 2014ರಲ್ಲಿ ರಾಜ್ಯದ ಹೆಸರು ತೆಲಂಗಾಣವಾಯಿತು, 2016ರಲ್ಲಿ ಜಿಲ್ಲೆ ವಿಕಾರಾಬಾದ್ ಆಯಿತು. ಮನೆಮಾತು ಮಾತ್ರ ಮನೆಯಲ್ಲಿಯೇ ಉಳಿಯಿತು. ಆದರೆ ಮಾತು ಉಳಿಯುವುದು ಬೇರೆ, ಓದು ಉಳಿಯುವುದು ಬೇರೆ. ಆಡುವ ಕನ್ನಡದಲ್ಲಿ ಅರ್ಕಾವೊತ್ತು ಎಲ್ಲಿಯೂ ಕಾಣುವುದಿಲ್ಲ. ಅದು ಇರುವುದು ಬರೆಹದಲ್ಲಿ ಮಾತ್ರ. ಇನ್ನು ಕೆಲವೇ ವರ್ಷಗಳಲ್ಲಿ ನಮ್ಮ ಲಗ್ನಪತ್ರಿಕೆ, ನಮ್ಮ ಹಾಡು, ನಮ್ಮ ಊರಿನ ಚರಿತ್ರೆ ಎಲ್ಲವನ್ನೂ ಯಂತ್ರ ಕ್ಷಣದಲ್ಲಿ ಬರೆದುಕೊಡುವ ಕಾಲ ಬರುತ್ತದೆ. ಬಂದಿದೆ ಎಂದರೂ ಆದೀತು. ಅದು 'ಕನಾರ್ಟಕ' ಎಂದು ಬರೆದ ದಿನ, ಏ ತಮ್ಮಾ ಇಲ್ಲಿ ಬಾ ಎಂದು ಕರೆಯುವವರು ಮನೆಯಲ್ಲಿ ಇರುವರೆ? ಹುಡುಗ ಅಂದು ಅಜ್ಜಿಯನ್ನು ಕೇಳಿದ ಪ್ರಶ್ನೆ ನಮ್ಮನ್ನು ಚುಚ್ಚಿದ್ದು ಇದಕ್ಕೆ. ನಾವೇ ಆತನಿಗೆ ಓದು ಕಲಿಸಿರಲಿಲ್ಲ. ಸಾಲೆ ತೆಲುಗಿನದು, ನೌಕರಿ ಇಂಗ್ಲಿಷಿನದು, ಕನ್ನಡ ಹೇಗೂ ಮನೆಯಲ್ಲಿದೆ ಎಂದು ಇಪ್ಪತ್ತು ವರ್ಷ ಸುಮ್ಮನಿದ್ದವರು ನಾವು. ಯಂತ್ರದ ಮೇಲೆ ತಪ್ಪು ಹೊರಿಸುವ ಮುಖ ನಮಗಿಲ್ಲ.

ಹಬ್ಬ ಮುಗಿಸಿ ಹೊರಡುವ ದಿನ ಹುಡುಗ ಆ ನೋಟುಬುಕ್ಕನ್ನು ತನ್ನ ಚೀಲದಲ್ಲಿ ಇಟ್ಟುಕೊಂಡ. ಯಾಕೆಂದು ಕೇಳಿದಾಗ, "ಶಬ್ದ ಮಿಷನ್ನಿಗಿ ಕಲಿಸಿದೆ, ನನಗ ಬರಬ್ಯಾಡೇನು?" ಎಂದು ನಕ್ಕ.

ಹೋದ ವಾರ ಆತನ ಫೋನು ಬಂದಿತ್ತು. 180 ಕಡತಗಳಲ್ಲಿ 178 ಯೂನಿಕೋಡಿನ ಓಣಿಯನ್ನು ಸೇರಿವೆ. ಎರಡು ಕಡತಗಳಿದ್ದ ಸಿ.ಡಿ. ಮಾತ್ರ ಗೀರುಬಿದ್ದು ಓದಲು ಬಾರದಾಗಿದೆ. ಮದುವೆ ಹಾಡುಗಳ ಕಡತದಲ್ಲಿ ಹನ್ನೊಂದು ಕಡೆ ತನಗೆ ಅನುಮಾನವಿದೆಯೆಂದೂ, ಅಲ್ಲಿ ಅರ್ಕಾವೊತ್ತು ತಪ್ಪು ಜಾಗದಲ್ಲಿರುವಂತೆ ಕಾಣುತ್ತದೆಯೆಂದೂ ಹೇಳಿ, ಆ ಪುಟಗಳನ್ನು ಕಳುಹಿಸಿದ್ದ. ತಾಯಿಯವರು ಓದಿ ನೋಡಿದರು. ಹನ್ನೊಂದರಲ್ಲಿ ಒಂಬತ್ತು ನಿಜವಾಗಿಯೂ ತಪ್ಪು. ಉಳಿದ ಎರಡು ಹಾಡಿನಲ್ಲಿ ಹಾಗೆಯೇ ಬರುತ್ತವೆಯಂತೆ. ಅದನ್ನು ತಿಳಿಸಲೆಂದು ಫೋನಿನಲ್ಲಿ ಆ ಹಾಡನ್ನು ಪೂರ್ತಿ ಹಾಡಿಯೇ ತೋರಿಸಿದರು. ಇನ್ನೂ ಐವತ್ತು ಶಬ್ದ ಬೇಕೆಂದು ಹುಡುಗ ಕೇಳಿದ್ದಾನೆ. ಹೋದ ವರ್ಷದ ಗೋಡೆ ಕ್ಯಾಲೆಂಡರಿನ ಬೆನ್ನಿಗೆ ಅವರು ಬರೆಯಲು ತೊಡಗಿದ್ದಾರೆ. ನಿನ್ನೆ ರಾತ್ರಿಗೆ ಇಪ್ಪತ್ತಮೂರು ಆಗಿದ್ದವು.